ರೈಲಿನಲ್ಲಿ ಕಳೆದ ಲಗೇಜು ಮತ್ತು ವಿಕ್ಟೋರಿಯಾ ಕಾಲದ ಮೊಕದ್ದಮೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡಿನ ರೈಲ್ವೆ ಕಂಪನಿಗಳಿಗೂ ಲಗೇಜು ಕಳೆದುಕೊಂಡ ಪ್ರಯಾಣಿಕರಿಗೂ 1840ರ ದಶಕದಿಂದ 1880ರ ದಶಕದ ಕೊನೆಯವರೆಗೆ ನಡೆದ ವ್ಯಾಜ್ಯಗಳ ಬಗ್ಗೆ ಕಾನೂನು ವಿದ್ಯಾರ್ಥಿಗಳೂ ರೈಲಿನ ಇತಿಹಾಸ ಓದುವವರೂ ಕೇಳುವ ಪ್ರಶ್ನೆಗಳು ಇಲ್ಲಿವೆ. ಹೆಚ್ಚಿನ ಜಾಗ ಎರಡು ಮೊಕದ್ದಮೆಗಳಿಗೆ ಮೀಸಲು. ಒಂದು, ಲಂಡನ್ನಿನ ಚೇರಿಂಗ್ ಕ್ರಾಸ್ ನಿಲ್ದಾಣದ ಕ್ಲೋಕ್‌ರೂಮಿನಲ್ಲಿ ಚೀಲ ಕಳೆದುಕೊಂಡ ಪಾರ್ಕರ್ ಅವರದು (1877). ಇನ್ನೊಂದು, ಅದೇ ಊರಿನ ಪ್ಯಾಡಿಂಗ್ಟನ್ ನಿಲ್ದಾಣದ ಪ್ಲಾಟ್‌ಫಾರ್ಮಿನಲ್ಲಿ ಚೀಲ ಕಳೆದುಕೊಂಡ ಶ್ರೀಮತಿ ಬಂಚ್ ಅವರದು (1888). ಯಾವ ತೀರ್ಪನ್ನು ಓದುವಾಗಲೂ ಮೊದಲು ಇದನ್ನು ಹುಡುಕಿ: ಕಳೆದ ಹೊತ್ತಿನಲ್ಲಿ ಚೀಲ ಎಲ್ಲಿತ್ತು, ಯಾವ ಕೆಲಸಕ್ಕೆಂದು ಯಾರ ಕೈಯಲ್ಲಿತ್ತು? ಅರ್ಧಕ್ಕಿಂತ ಹೆಚ್ಚು ಉತ್ತರ ಅಲ್ಲೇ ಸಿಗುತ್ತದೆ.

ಆ ಕಾಲದಲ್ಲಿ ಲಗೇಜು ಕಳೆಯುತ್ತಿದ್ದುದು ಹೇಗೆ?

ಮುಖ್ಯ ಕಾರಣ, ರಸೀದಿ ಇರಲಿಲ್ಲ. ಅಮೆರಿಕದಲ್ಲಿ ಪ್ರತಿ ಪೆಟ್ಟಿಗೆಗೂ ನಂಬರು ಹಾಕಿದ ಹಿತ್ತಾಳೆ ಬಿಲ್ಲೆ ಕಟ್ಟಿ, ಅದರ ಜೋಡಿಯನ್ನು ಪ್ರಯಾಣಿಕನ ಕೈಗೆ ಕೊಡುತ್ತಿದ್ದರು. ಬ್ರಿಟಿಷ್ ಕಂಪನಿಗಳು ಅದನ್ನು ರೂಢಿಗೆ ತರಲಿಲ್ಲ. ಪೋರ್ಟರ್ ಪೆಟ್ಟಿಗೆಯ ಮೇಲೆ ಊರಿನ ಹೆಸರಿನ ಕಾಗದದ ಚೀಟಿ ಅಂಟಿಸುತ್ತಿದ್ದ, ರೈಲಿನ ಲಗೇಜು ವ್ಯಾನಿಗೆ ಹಾಕುತ್ತಿದ್ದ, ಅಷ್ಟೇ. ಇಳಿದ ಊರಿನಲ್ಲಿ ಎಲ್ಲ ಸಾಮಾನನ್ನೂ ಪ್ಲಾಟ್‌ಫಾರ್ಮಿನಲ್ಲಿ ಗುಡ್ಡೆ ಹಾಕಿದಾಗ ‘ಅದು ನನ್ನದು’ ಎಂದು ಬೆರಳು ತೋರಿಸಿದವರಿಗೆ ಕೊಡುತ್ತಿದ್ದರು. ಕಳ್ಳನಿಗೆ ಬೇಕಾದದ್ದು ಒಳ್ಳೆಯ ಬಟ್ಟೆ, ಸ್ವಲ್ಪ ಧೈರ್ಯ ಮಾತ್ರ.

ಹಳೆಯ ಚೀಟಿಯನ್ನು ಕೀಳದೆ ಅದೇ ಟ್ರಂಕನ್ನು ಮತ್ತೆ ಒಯ್ದರೆ ಅದು ಹಿಂದಿನ ಊರಿಗೇ ಹೋಗುವ ಅಪಾಯವಿತ್ತು. ಗಾಡಿ ಬದಲಿಸುವ ಜಂಕ್ಷನ್‌ಗಳಲ್ಲಿ ಒಂದು ಕಂಪನಿಯ ವ್ಯಾನಿನಿಂದ ಇನ್ನೊಂದರ ವ್ಯಾನಿಗೆ ಸಾಮಾನು ಎತ್ತಿ ಹಾಕುವಾಗ ಉಳಿದುಹೋಗುವ ಅಪಾಯ ಬೇರೆ.

ಚೀಲ ಕಳೆದರೆ ಕಂಪನಿಯೇ ಹೊಣೆ ಎಂಬ ನಿಯಮ ಎಲ್ಲಿಂದ ಬಂತು?

ರೈಲಿಗಿಂತ ಬಹಳ ಹಳೆಯದು. ಬಂದವರ ಸರಕನ್ನೆಲ್ಲ ಬಾಡಿಗೆಗೆ ಹೊರುವ ಸಾರ್ವಜನಿಕ ಸಾಗಣೆದಾರ, ಇಂಗ್ಲಿಷ್ ಸಾಮಾನ್ಯ ಕಾನೂನಿನ (ತೀರ್ಪುಗಳಿಂದ ಬೆಳೆದ ಕಾನೂನಿನ) ಪ್ರಕಾರ, ಸರಕಿಗೆ ವಿಮೆ ಕೊಟ್ಟವನಿದ್ದ ಹಾಗೆ. ತನ್ನ ತಪ್ಪಿಲ್ಲ ಎಂದು ತೋರಿಸಿದರೂ ಬಿಡುಗಡೆಯಿಲ್ಲ. ದೈವಿಕ ಅವಘಡ, ಶತ್ರುಸೈನ್ಯದ ದಾಳಿ, ಸರಕಿನ ಒಳಗೇ ಇದ್ದ ದೋಷ, ಇಂಥ ಕೆಲವು ಕಾರಣಗಳಿಗೆ ಮಾತ್ರ ವಿನಾಯಿತಿ. ಕುದುರೆಗಾಡಿ ಓಡಿಸುತ್ತಿದ್ದವರು ಈ ಹೊಣೆಯಿಂದ ಪಾರಾಗಲು ಕಚೇರಿಯ ಗೋಡೆಗೆ ‘ಇಷ್ಟಕ್ಕಿಂತ ಹೆಚ್ಚಿನ ಬೆಲೆಯ ವಸ್ತುವಿಗೆ ನಾವು ಜವಾಬ್ದಾರರಲ್ಲ’ ಎಂದು ಬರೆದು ಅಂಟಿಸುತ್ತಿದ್ದರು.

1830ರ ಸಾಗಣೆದಾರರ ಕಾಯ್ದೆ ಇದಕ್ಕೊಂದು ರಾಜಿ ಸೂತ್ರ ತಂದಿತು. ಚಿನ್ನ, ಬೆಳ್ಳಿ, ಗಡಿಯಾರ, ಒಡವೆ, ನೋಟು, ದಸ್ತಾವೇಜು, ಚಿತ್ರ, ಗಾಜು, ರೇಷ್ಮೆ, ತುಪ್ಪಳ ಮುಂತಾದವು 10 ಪೌಂಡಿಗಿಂತ ಹೆಚ್ಚು ಬೆಲೆಯವಾಗಿದ್ದರೆ ಮೊದಲೇ ಘೋಷಿಸಿ, ಕೇಳಿದ ಹೆಚ್ಚುವರಿ ದರ ಕಟ್ಟಬೇಕು, ಇಲ್ಲದಿದ್ದರೆ ಪರಿಹಾರವಿಲ್ಲ. ಕಳವು ಮಾಡಿದವರು ಸಾಗಣೆದಾರನ ಆಳುಗಳೇ ಆಗಿದ್ದರೆ ಆತನಿಗೆ ಈ ರಕ್ಷಣೆ ಸಿಗದು. ಇತರ ಸಾಮಾನಿನ ವಿಷಯದಲ್ಲಿ ಗೋಡೆಯ ಪ್ರಕಟಣೆಗೆ ಬೆಲೆಯೇ ಇಲ್ಲ ಎಂದಿತು ಕಾಯ್ದೆ. ಆದರೆ ಗಿರಾಕಿಯೊಡನೆ ವಿಶೇಷ ಕರಾರು ಮಾಡಿಕೊಳ್ಳಲು ಅಡ್ಡಿಯಿಲ್ಲ ಎಂದೂ ಹೇಳಿತು. ಷರತ್ತುಗಳು ಗೋಡೆಯಿಂದ ಇಳಿದು ಗಿರಾಕಿಯ ಕೈಗೆ ಕೊಡುವ ಚೀಟಿಗೆ ಬರಲು ಇದು ದಾರಿ ಮಾಡಿತು. ಮುಂದೆ 1854ರ ರೈಲ್ವೆ ಮತ್ತು ಕಾಲುವೆ ಸಾರಿಗೆ ಕಾಯ್ದೆಯ 7ನೇ ಕಲಂ, ಸಾಗಣೆಯ ಷರತ್ತು ನ್ಯಾಯಸಮ್ಮತವೂ ಸಮಂಜಸವೂ ಆಗಿದೆಯೇ ಎಂದು ನೋಡುವ ಅಧಿಕಾರವನ್ನು ನ್ಯಾಯಾಲಯಕ್ಕೆ ಕೊಟ್ಟಿತು. ಪ್ರಯಾಣಿಕರ ಲಗೇಜಿಗೂ ಇದು ಅನ್ವಯಿಸುತ್ತದೆ ಎಂದು ಕೋಹೆನ್ ಪ್ರಕರಣದಲ್ಲಿ (1877) ತೀರ್ಮಾನವಾಯಿತು.

ಲಗೇಜು ಎಂದರೆ ಏನೆಲ್ಲ? ಎಷ್ಟು ತೂಕ ಉಚಿತ?

1844ರ ಕಾಯ್ದೆಯ ಪ್ರಕಾರ ಮೈಲಿಗೆ 1 ಪೆನ್ನಿ ದರದ ಅಗ್ಗದ ಗಾಡಿಯಲ್ಲಿ ಪ್ರತಿ ಪ್ರಯಾಣಿಕನಿಗೆ 56 ಪೌಂಡ್ ತೂಕ, ಅಂದರೆ ಸುಮಾರು 25 ಕೆ.ಜಿ., ಉಚಿತ. ಮಾರಾಟದ ಸರಕು ಇದರಲ್ಲಿ ಸೇರದು.

ತೂಕಕ್ಕಿಂತ ‘ಇದು ಲಗೇಜೇ ಅಲ್ಲ’ ಎಂಬ ವಾದದಿಂದಲೇ ಕಂಪನಿಗಳು ಹೆಚ್ಚು ಗೆದ್ದವು. ಅಳತೆಗೋಲು ಸಿಕ್ಕಿದ್ದು ಮ್ಯಾಕ್ರೋ ಪ್ರಕರಣದಲ್ಲಿ (1871). ಮುಖ್ಯ ನ್ಯಾಯಮೂರ್ತಿ ಕಾಕ್‌ಬರ್ನ್ ಹೇಳಿದ್ದು ಇಷ್ಟು: ಪ್ರಯಾಣಿಕ ತನ್ನ ವರ್ಗದವರ ರೂಢಿ ಮತ್ತು ಅಗತ್ಯಕ್ಕೆ ತಕ್ಕಂತೆ, ಪ್ರಯಾಣಕ್ಕೋ ಪ್ರಯಾಣದ ಉದ್ದೇಶಕ್ಕೋ ಬೇಕಾಗಿ, ಸ್ವಂತ ಬಳಕೆಗೆ ಒಯ್ಯುವುದೆಲ್ಲ ಲಗೇಜು. ಮ್ಯಾಕ್ರೋ ಮುಂದೆ ಲಂಡನ್ನಿನಲ್ಲಿ ಮನೆ ಮಾಡಿದಾಗ ಬೇಕಾಗುತ್ತದೆಂದು ಒಯ್ದಿದ್ದ ಹಾಸಿಗೆ ಹೊದಿಕೆಗಳು ಈ ಅಳತೆಗೆ ನಿಲ್ಲಲಿಲ್ಲ. 78 ಪೌಂಡ್ ತೂಕ, 44 ಅಂಗುಲ ಉದ್ದದ ಮಕ್ಕಳ ಆಟದ ಕುದುರೆ ಲಗೇಜಲ್ಲ (ಹಡ್‌ಸ್ಟನ್, 1869). ವಕೀಲ ಮೊಕದ್ದಮೆಗೆಂದು ಒಯ್ದ ಕಕ್ಷಿದಾರನ ದಸ್ತಾವೇಜು ಮತ್ತು ನೋಟುಗಳು ಲಗೇಜಲ್ಲ (ಫೆಲ್ಪ್ಸ್, 1865). ಚಿತ್ರಕಾರನ ರೇಖಾಚಿತ್ರಗಳೂ ಅಲ್ಲ (ಮಿಟನ್, 1859). ಈ ಕೊನೆಯದು ಕಠಿಣವಾಯಿತು ಎಂದೇ ನಮ್ಮ ಅಭಿಪ್ರಾಯ. ಚಿತ್ರಕಾರ ಚಿತ್ರಗಳನ್ನು ಬಿಟ್ಟು ಇನ್ನೇನನ್ನು ಒಯ್ದಾನು?

ಸರಕು ಎಂದು ಗೊತ್ತಿದ್ದೂ ಕಂಪನಿ ಲಗೇಜಾಗಿ ಒಪ್ಪಿಕೊಂಡರೆ ಲೆಕ್ಕ ಬೇರೆ. 1852ರ ಶೆಪರ್ಡ್ ಪ್ರಕರಣದಲ್ಲಿ ದಂತದ ಹಿಡಿಗಳು ಪೊಟ್ಟಣದೊಳಗೆ ಅಡಗಿದ್ದವು, ಕಂಪನಿಗೆ ಸುಳಿವೇ ಇರಲಿಲ್ಲ. ಹಾಗಾಗಿ ಪ್ರಯಾಣಿಕ ಸೋತ.

ಮೂರು ಕಂಪನಿಗಳ ಹಳಿ ದಾಟಿ ಹೋದ ಪೊಟ್ಟಣ ಕಳೆದರೆ ಯಾರ ಮೇಲೆ ದಾವೆ?

ಮೊದಲು ತೆಗೆದುಕೊಂಡ ಕಂಪನಿಯ ಮೇಲೆ. 1841ರ ಮಸ್‌ಚಾಂಪ್ ಪ್ರಕರಣ ಪ್ರಯಾಣಿಕರ ಲಗೇಜಿನದಲ್ಲ, ಪಾರ್ಸೆಲಿನದು. ಆದರೂ ಇದನ್ನು ಬಿಡುವಂತಿಲ್ಲ. ಲ್ಯಾಂಕಾಸ್ಟರಿನ ಕಲ್ಲುಕುಟಿಗನೊಬ್ಬ ಕೆಲಸ ಹುಡುಕಿಕೊಂಡು ಡರ್ಬಿಶೈರ್ ಕಡೆಗೆ ಹೋಗಿದ್ದ. ಅವನ ಹತ್ಯಾರುಗಳನ್ನು ತಾಯಿ ಲ್ಯಾಂಕಾಸ್ಟರ್ ನಿಲ್ದಾಣಕ್ಕೆ ತಂದು ಕೊಟ್ಟಳು. ಹಣ ಕೊಡಲು ಹೋದರೆ ಗುಮಾಸ್ತ, ತಲುಪಿದ ಕಡೆ ಪಡೆಯುವವನೇ ಕೊಡುವುದು ಒಳ್ಳೆಯದು ಎಂದ. ಪೊಟ್ಟಣ ಪ್ರೆಸ್ಟನ್ ದಾಟಿದ ಮೇಲೆ, ಬೇರೆ ಕಂಪನಿಯ ವಶದಲ್ಲಿ ಕಳೆಯಿತು. ದೂರದ ಊರಿನ ವಿಳಾಸವಿರುವ ಪೊಟ್ಟಣವನ್ನು ತಕರಾರಿಲ್ಲದೆ ತೆಗೆದುಕೊಂಡ ಕಂಪನಿ ಇಡೀ ದಾರಿಗೆ ಹೊಣೆ ಹೊತ್ತಂತೆ ಎಂದಿತು ನ್ಯಾಯಾಲಯ. ಆ ತಾಯಿ ಲ್ಯಾಂಕಾಸ್ಟರಿನಲ್ಲಿ ನಿಂತು, ಹೆಸರೂ ಗೊತ್ತಿಲ್ಲದ ಯಾವ ಕಂಪನಿಯ ಹಳಿಯಲ್ಲಿ ಹತ್ಯಾರು ಕಳೆಯಿತೆಂದು ಪತ್ತೆ ಹಚ್ಚಲು ಸಾಧ್ಯವಿತ್ತೇ? ಆ ಭಾರ ಕಂಪನಿಯ ಮೇಲೆ ಬಿದ್ದದ್ದೇ ಸರಿ.

ಪಾರ್ಕರ್ ಪ್ರಕರಣದಲ್ಲಿ ನಡೆದದ್ದೇನು?

ಪಾರ್ಕರ್ ಚೇರಿಂಗ್ ಕ್ರಾಸಿನ ಕ್ಲೋಕ್‌ರೂಮಿನಲ್ಲಿ ಚೀಲ ಇಟ್ಟು 2 ಪೆನ್ನಿ ಕೊಟ್ಟರು. ಗುಮಾಸ್ತ ಚೀಟಿ ಕೊಟ್ಟ. ಚೀಟಿಯ ಮುಂಭಾಗದಲ್ಲಿ ನಂಬರು, ತಾರೀಖು, ಕಚೇರಿ ತೆರೆಯುವ ಮುಚ್ಚುವ ವೇಳೆ, ಜೊತೆಗೆ ‘ಹಿಂಬದಿ ನೋಡಿ’ ಎಂಬ ಎರಡು ಪದ. ಹಿಂಬದಿಯಲ್ಲಿ, 10 ಪೌಂಡಿಗಿಂತ ಹೆಚ್ಚು ಬೆಲೆಯ ಸಾಮಾನಿಗೆ ಕಂಪನಿ ಜವಾಬ್ದಾರವಲ್ಲ ಎಂಬ ಷರತ್ತು. ಅದೇ ಷರತ್ತಿನ ಫಲಕ ಕೋಣೆಯಲ್ಲೂ ತೂಗುಬಿದ್ದಿತ್ತು. ಪಾರ್ಕರ್ ಚೀಟಿಯ ಮೇಲೆ ಏನೋ ಅಚ್ಚಾಗಿರುವುದನ್ನು ಕಂಡಿದ್ದರು, ಓದಿರಲಿಲ್ಲ. ಚೀಲಕ್ಕೆ ಕೊಟ್ಟ ರಸೀದಿ ಎಂದುಕೊಂಡಿದ್ದರು.

ಚೀಲ ಕಾಣೆಯಾಯಿತು. ಬೆಲೆ 24 ಪೌಂಡ್ 10 ಷಿಲಿಂಗ್. ಆಗಿನ ಲೆಕ್ಕದಲ್ಲಿ ಪೌಂಡಿಗೆ 240 ಪೆನ್ನಿ; ಅಂದರೆ 2 ಪೆನ್ನಿ ಪಡೆದು 5,880 ಪೆನ್ನಿಯ ಹೊಣೆ. ಸೌತ್ ಈಸ್ಟರ್ನ್ ಕಂಪನಿ ಜಗ್ಗದೆ ನಿಂತದ್ದೇಕೆ ಎಂಬುದು ಈ ಲೆಕ್ಕದಲ್ಲಿ ಕಾಣುತ್ತದೆ. ಗೇಬೆಲ್ ಎಂಬ ಇನ್ನೊಬ್ಬರು ಅದೇ ಕಂಪನಿಯ ಮೇಲೆ 50 ಪೌಂಡ್ 16 ಷಿಲಿಂಗಿಗೆ ಹೂಡಿದ್ದ ದಾವೆಯನ್ನೂ ಇದರ ಜೊತೆಗೇ ವಿಚಾರಿಸಿದರು.

ಜ್ಯೂರಿ ಪಾರ್ಕರ್ ಪರವಾಗಿ ತೀರ್ಪು ಕೊಟ್ಟ ಮೇಲೂ ಮರುವಿಚಾರಣೆ ಏಕೆ?

ವಿದ್ಯಾರ್ಥಿಗಳು ಹೆಚ್ಚು ಎಡವುವುದು ಇಲ್ಲಿ. ಪಾರ್ಕರ್ ಗೆದ್ದರು ಎಂದು ಕೆಲವರು, ಕಂಪನಿ ಗೆದ್ದಿತು ಎಂದು ಕೆಲವರು ಬರೆಯುತ್ತಾರೆ. ಮೇಲ್ಮನವಿ ನ್ಯಾಯಾಲಯ ಇಬ್ಬರನ್ನೂ ಗೆಲ್ಲಿಸಲಿಲ್ಲ. ಜ್ಯೂರಿಗೆ ಕೇಳಿದ ಪ್ರಶ್ನೆಯೇ ತಪ್ಪು ಎಂದಿತು.

ಜ್ಯೂರಿಗೆ, ಅಂದರೆ ಸಂಗತಿಗಳನ್ನು ತೀರ್ಮಾನಿಸುವ ಸಾಮಾನ್ಯ ನಾಗರಿಕರ ತಂಡಕ್ಕೆ, ಕೇಳಿದ್ದು ಎರಡು. ಪಾರ್ಕರ್ ಷರತ್ತನ್ನು ಓದಿದ್ದರೇ ಅಥವಾ ಅದು ಅವರಿಗೆ ಗೊತ್ತಿತ್ತೇ? ತಕ್ಕ ಎಚ್ಚರಿಕೆ ವಹಿಸುವವರಾಗಿ ಅದನ್ನು ಓದುವ ಬಾಧ್ಯತೆ ಅವರಿಗಿತ್ತೇ? ಎರಡಕ್ಕೂ ‘ಇಲ್ಲ’ ಎಂಬ ಉತ್ತರ ಬಂದಿತ್ತು. ನ್ಯಾಯಮೂರ್ತಿ ಮೆಲಿಷ್ ಹೇಳಿದ್ದು: ನೋಡಬೇಕಾದದ್ದು ಓದುವ ಬಾಧ್ಯತೆಯನ್ನಲ್ಲ, ಕಂಪನಿ ತಿಳಿಸಿದ ರೀತಿಯನ್ನು. ಚೀಟಿಯಲ್ಲಿ ಬರಹವಿದೆಯೆಂದೇ ಗಿರಾಕಿಗೆ ಗೊತ್ತಾಗದಿದ್ದರೆ ಷರತ್ತು ಅವನನ್ನು ಕಟ್ಟಿಹಾಕದು. ಬರಹವಿದೆ, ಅದರಲ್ಲಿ ಷರತ್ತಿದೆ ಎಂದು ಗೊತ್ತಿದ್ದರೆ, ಓದಲಿ ಬಿಡಲಿ, ಅದಕ್ಕೆ ಬದ್ಧ. ಇವೆರಡರ ನಡುವಿನದೇ ಪಾರ್ಕರ್ ಸ್ಥಿತಿ: ಬರಹ ಕಂಡಿದೆ, ಅದು ಷರತ್ತು ಎಂದು ಗೊತ್ತಿಲ್ಲ. ಆಗ, ಬರಹ ಕಣ್ಣಿಗೆ ಬೀಳುವ ಹಾಗೆ ಚೀಟಿ ಕೊಟ್ಟದ್ದೇ ಷರತ್ತು ಇದೆ ಎಂಬುದಕ್ಕೆ ಸಾಕಷ್ಟು ಸೂಚನೆಯಾಯಿತೇ ಎಂದು ಜ್ಯೂರಿ ತೀರ್ಮಾನಿಸಬೇಕು.

ಇದನ್ನು ಬಿಡಿಸಿ ಹೇಳಲು ಮೆಲಿಷ್ ಸುಂಕದ ಕಟ್ಟೆಯನ್ನು ತೆಗೆದುಕೊಂಡರು. ಸುಂಕ ಕಟ್ಟಿದವನು ಕೊಟ್ಟ ಚೀಟಿಯನ್ನು ಓದದೆ ಜೇಬಿಗೆ ಹಾಕುತ್ತಾನೆ. ಹಣ ಕೊಟ್ಟದ್ದಕ್ಕೆ ಅದು ಸಾಕ್ಷಿ ಎಂದು ಅವನು ನಂಬಿದರೆ ತಪ್ಪಿಲ್ಲ. ಹಡಗಿನಲ್ಲಿ ಸರಕು ಕಳಿಸುವವನಿಗೆ ಕೊಡುವ ಪತ್ರ ಹಾಗಲ್ಲ. ಅದರಲ್ಲಿ ಸಾಗಣೆಯ ಷರತ್ತುಗಳಿರುವುದು ಆ ವ್ಯವಹಾರದವರಿಗೆಲ್ಲ ಗೊತ್ತು. ಕ್ಲೋಕ್‌ರೂಮಿನ ಚೀಟಿ ಈ ಎರಡರಲ್ಲಿ ಯಾವುದಕ್ಕೆ ಹತ್ತಿರ ಎಂಬುದೇ ವಿವಾದದ ಗಂಟು.

ಕ್ಲೋಕ್‌ರೂಮಿನಲ್ಲಿಟ್ಟ ಚೀಲ ಸಾಗಣೆಯಲ್ಲಿರುವುದಿಲ್ಲ, ಅದು ಕಾಯ್ದಿಡಲು ಕೊಟ್ಟದ್ದು. ಸಾಗಣೆದಾರನ ಆ ಕಟ್ಟುನಿಟ್ಟಿನ ಹೊಣೆ ಇಲ್ಲಿಲ್ಲದ ಕಾರಣ, ಚೀಟಿಯ ಷರತ್ತು ಕರಾರಿನ ಭಾಗವಾಯಿತೇ ಎಂಬ ಒಂದೇ ಪ್ರಶ್ನೆಯ ಮೇಲೆ ಎಲ್ಲವೂ ನಿಂತಿತು.

ಈ ತೀರ್ಪುಗಳಲ್ಲಿ ಬ್ರಾಮ್‌ವೆಲ್ ಹೆಸರು ಮತ್ತೆ ಮತ್ತೆ ಬರುತ್ತದಲ್ಲ, ಯಾರವರು?

ಪಾರ್ಕರ್ ಮೇಲ್ಮನವಿ ಕೇಳಿದ ಮೂವರು ನ್ಯಾಯಮೂರ್ತಿಗಳಲ್ಲಿ ಒಬ್ಬರು. ಇನ್ನಿಬ್ಬರು ಮೆಲಿಷ್ ಮತ್ತು ಬ್ಯಾಗಲೇ. ಮರುವಿಚಾರಣೆಯೂ ಬೇಡ, ಕಂಪನಿಯನ್ನು ನೇರವಾಗಿ ಗೆಲ್ಲಿಸಬೇಕು ಎಂಬುದು ಬ್ರಾಮ್‌ವೆಲ್ ನಿಲುವಾಗಿತ್ತು. ಬರಹವಿದೆ ಎಂದು ಗೊತ್ತಿದ್ದೂ ಓದದವನು, ಏನಿದ್ದರೂ ಒಪ್ಪಿಗೆ ಎಂದು ಹೇಳಿದಂತೆ ಎಂದು ಅವರು ವಾದಿಸಿದರು. ಆದರೆ ಚೀಟಿ ಕೊಡುವವನಿಗೇ ಅನ್ಯಾಯವೆಂದು ಗೊತ್ತಿರುವ ಷರತ್ತು ಅದರಲ್ಲಿ ಇರುವುದಿಲ್ಲ ಎಂಬ ನಂಬಿಕೆ ಇಬ್ಬರ ನಡುವೆ ಇದ್ದೇ ಇರುತ್ತದೆ ಎಂದೂ ಸೇರಿಸಿದರು. ಗಿರಾಕಿಗಳ ಪರ ವಾದಿಸುವವರಿಗೆ ಈ ಮಾತು ಇಂದಿಗೂ ಉಪಯುಕ್ತ. ಹನ್ನೊಂದು ವರ್ಷಗಳ ನಂತರ ಬಂಚ್ ಪ್ರಕರಣದಲ್ಲೂ ಕಂಪನಿಯ ಪರ ನಿಂತು ಭಿನ್ನ ತೀರ್ಪು ಬರೆದವರು ಇವರೇ.

ಶ್ರೀಮತಿ ಬಂಚ್ ಅವರ ಚೀಲ ಹೇಗೆ ಕಳೆಯಿತು?

1884ರ ಡಿಸೆಂಬರ್ 24, ಕ್ರಿಸ್‌ಮಸ್ ಹಿಂದಿನ ದಿನ. ಸಂಜೆ 5 ಗಂಟೆಯ ಗಾಡಿಗೆ ಬಾತ್ ಊರಿಗೆ ಹೋಗಬೇಕಿದ್ದ ಅವರು 4.20ಕ್ಕೇ ಪ್ಯಾಡಿಂಗ್ಟನ್ ತಲುಪಿದರು. ಜೊತೆಯಲ್ಲಿ ಮೂರು ನಗ: ಒಂದು ಬುಟ್ಟಿ, ಒಂದು ಚರ್ಮದ ಪೆಟ್ಟಿಗೆ, ಒಂದು ಕೈಚೀಲ. ಬುಟ್ಟಿಯನ್ನೂ ಪೆಟ್ಟಿಗೆಯನ್ನೂ ವ್ಯಾನಿಗೆ ಹಾಕಬೇಕು, ಚೀಲ ತನ್ನ ಜೊತೆ ಡಬ್ಬಿಯಲ್ಲೇ ಇರಬೇಕು ಎಂದು ಪೋರ್ಟರನಿಗೆ ಹೇಳಿದರು. ನಿನ್ನ ಹತ್ತಿರ ಬಿಟ್ಟರೆ ಭದ್ರವೇ ಎಂದು ಕೇಳಿದರು. ಪೂರ್ತಿ ಭದ್ರ, ನೋಡಿಕೊಂಡಿದ್ದು ಗಾಡಿಗೆ ಹಾಕುತ್ತೇನೆ ಎಂದ ಪೋರ್ಟರ್. ಅವರು ಗಂಡನನ್ನು ಎದುರುಗೊಳ್ಳಲು, ಟಿಕೆಟ್ ತೆಗೆದುಕೊಳ್ಳಲು ಹೋದರು. ಹತ್ತು ನಿಮಿಷದಲ್ಲಿ ಇಬ್ಬರೂ ಹಿಂತಿರುಗಿದರೆ ಚೀಲವಿಲ್ಲ.

ಕೌಂಟಿ ನ್ಯಾಯಾಲಯದಲ್ಲಿ ಶುರುವಾದ ಈ ದಾವೆ ಗ್ರೇಟ್ ವೆಸ್ಟರ್ನ್ ಕಂಪನಿಯ ಹಟದಿಂದ ಆಗಿನ ಅತ್ಯುನ್ನತ ನ್ಯಾಯಾಲಯವಾದ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಯಿತು. ಒಂದು ಚೀಲಕ್ಕೆ ಇಷ್ಟು ಖರ್ಚೇ ಎಂದು ಕೇಳುವವರಿದ್ದಾರೆ. ಕಂಪನಿ ಇತ್ಯರ್ಥ ಮಾಡಿಕೊಳ್ಳಲು ಹೊರಟದ್ದು ಎಲ್ಲ ನಿಲ್ದಾಣಗಳ ಎಲ್ಲ ಪೋರ್ಟರುಗಳ ಮಾತಿಗೆ ತಾನು ಹೊಣೆಯೇ ಎಂಬ ಪ್ರಶ್ನೆಯನ್ನು.

ಶ್ರೀಮತಿ ಬಂಚ್ ಗೆದ್ದದ್ದು ಯಾವ ಕಾರಣಕ್ಕೆ?

ಪ್ರಯಾಣ ಶುರುವಾಗುವ ಮುಂಚೆ ಲಗೇಜು ಪಡೆಯಲೆಂದೇ ಕಂಪನಿ ಪೋರ್ಟರನನ್ನು ಇಟ್ಟಿದೆ. ಗಾಡಿ ಹೊರಡುವುದಕ್ಕೆ ಸಮಂಜಸವಾದಷ್ಟು ಮುಂಚೆ ಅವನು ಪಡೆದರೆ ಅದು ಸಾಗಣೆಗೆಂದೇ ಪಡೆದಂತೆ. ಕ್ರಿಸ್‌ಮಸ್ ಹಿಂದಿನ ದಿನದ ಜನಸಂದಣಿಯಲ್ಲಿ 40 ನಿಮಿಷ ಹೆಚ್ಚೇನಲ್ಲ. ಲಾರ್ಡ್ ವಾಟ್ಸನ್ ಅವರ ತೀರ್ಪಿನ ತಿರುಳಂತೆ, ಡಬ್ಬಿಗೆ ಹೋಗಬೇಕಾದ ಚೀಲಕ್ಕೂ ಕಂಪನಿ ಸಾಗಣೆದಾರನೇ. ಆದರೆ ಪ್ರಯಾಣಿಕ ಚೀಲವನ್ನು ತನ್ನ ವಶಕ್ಕೆ ತೆಗೆದುಕೊಂಡ ಮೇಲೆ ಅವನದೇ ಅಜಾಗರೂಕತೆಯಿಂದ ಕಳೆದರೆ ಕಂಪನಿಯ ಹೊಣೆ ಅಷ್ಟರ ಮಟ್ಟಿಗೆ ಇಳಿಯುತ್ತದೆ. ಡಬ್ಬಿಯ ಲಗೇಜಿಗೆ ನಿರ್ಲಕ್ಷ್ಯ ಸಾಬೀತಾದರೆ ಮಾತ್ರ ಕಂಪನಿ ಹೊಣೆ ಎಂದಿದ್ದ 1878ರ ಬರ್ಗ್‌ಹೈಮ್ ತೀರ್ಪಿನ ಬಲ ಇದರಿಂದ ಕುಸಿಯಿತು.

ಬ್ರಾಮ್‌ವೆಲ್ ಒಪ್ಪಲಿಲ್ಲ. ಪೋರ್ಟರ್ ಚೀಲ ಹಿಡಿದುಕೊಂಡದ್ದು ಸಾಗಿಸಲಿಕ್ಕಲ್ಲ, ಆಕೆ ಬರುವ ತನಕ ಕಾಯಲಿಕ್ಕೆ. ಆ ಉಪಕಾರ ಅವನ ಅಧಿಕಾರದಾಚೆಯದು ಎಂಬುದು ಅವರ ದಾರಿ. ವಾದ ಪೊಳ್ಳಲ್ಲ. ಆದರೆ ನಿಲ್ದಾಣದಲ್ಲಿ ಸಮವಸ್ತ್ರ ತೊಟ್ಟು ನಿಂತವನ ಅಧಿಕಾರ ಎಷ್ಟೆಂದು ಪ್ರಯಾಣಿಕರು ಅಳೆದು ನೋಡಬೇಕು ಎನ್ನುವುದು ನ್ಯಾಯವಲ್ಲ. ಬಹುಮತದ ತೀರ್ಪೇ ಸರಿ ಎಂದು ನಾವು ನಂಬುತ್ತೇವೆ.

ಡಬ್ಬಿಯೊಳಗೆ ಇಟ್ಟ ಚೀಲ ನಡುದಾರಿಯಲ್ಲಿ ಕಳವಾದರೆ?

ಟ್ಯಾಲಿ ಪ್ರಕರಣ (1870) ನೋಡಿ. ಸ್ವಿಂಡನ್‌ನಲ್ಲಿ ಎಲ್ಲ ಗಾಡಿಗಳೂ ಉಪಾಹಾರಕ್ಕೆ 10 ನಿಮಿಷ ನಿಲ್ಲುತ್ತಿದ್ದ ಕಾಲ. ಟ್ಯಾಲಿ ಇಳಿದು ಹೋದರು, ಹಿಂತಿರುಗಿದಾಗ ತಮ್ಮ ಡಬ್ಬಿ ಸಿಗದೆ ಬೇರೆಯದಕ್ಕೆ ಹತ್ತಿದರು. ಅವರ ಪೆಟ್ಟಿಗೆಯಲ್ಲಿದ್ದುದನ್ನು ಯಾರೋ ದೋಚಿದರು. ಪೆಟ್ಟಿಗೆಯನ್ನು ಕಣ್ಣಳತೆಯಲ್ಲಿ ಇಟ್ಟುಕೊಳ್ಳುವುದು ಪ್ರಯಾಣಿಕನ ಪಾಲಿನ ಕೆಲಸ, ಅದು ತಪ್ಪಿತು ಎಂದು ದಾವೆ ಬಿದ್ದುಹೋಯಿತು.

ಇಳಿದ ಮೇಲೆ ಪೋರ್ಟರನ ಕೈಯಲ್ಲಿ ಕಳೆದರೆ?

ಬಾಡಿಗೆ ಗಾಡಿಗೆ ಸಾಮಾನು ಸಾಗಿಸುವುದು ಆ ನಿಲ್ದಾಣದ ರೂಢಿಯಾಗಿದ್ದರೆ, ಅಲ್ಲಿಯವರೆಗೆ ಕಂಪನಿಯದೇ ಹೊಣೆ. ರಿಚರ್ಡ್ಸ್ (1849) ಮತ್ತು ಬುಚರ್ (1855) ಇಬ್ಬರೂ ಹೀಗೆ ಗೆದ್ದರು. ಹಾಡ್‌ಕಿನ್ಸನ್ (1884) ಸೋತದ್ದು ಒಂದು ಮಾತಿನಿಂದ: ಪೋರ್ಟರ್ ಗಾಡಿ ಬೇಕೇ ಎಂದಾಗ, ಬೇಡ, ನಡೆದು ಹೋಗುತ್ತೇನೆ, ಪೆಟ್ಟಿಗೆಗಳನ್ನು ಆಮೇಲೆ ತರಿಸಿಕೊಳ್ಳುತ್ತೇನೆ ಎಂದರು. ಪಕ್ಕಕ್ಕಿಟ್ಟು ನೋಡಿಕೊಳ್ಳುತ್ತೇನೆ ಎಂದ ಪೋರ್ಟರ್. ಅಲ್ಲಿಗೆ ಸಾಗಣೆ ಮುಗಿಯಿತು, ಅಂದಿನಿಂದ ಅವನು ಆಕೆಯ ಆಳು ಎಂದಿತು ನ್ಯಾಯಾಲಯ. ಬಂಚ್ ಪ್ರಕರಣದ ಪೋರ್ಟರನೂ ಹೆಚ್ಚುಕಡಿಮೆ ಇದೇ ಮಾತು ಕೊಟ್ಟಿದ್ದ. ವ್ಯತ್ಯಾಸ, ಅಲ್ಲಿ ಪ್ರಯಾಣ ಇನ್ನೂ ಮುಂದಿತ್ತು.

ಇದೇ ಘಟನೆ ಆಗಿನ ಭಾರತದಲ್ಲಿ ನಡೆದಿದ್ದರೆ ಶ್ರೀಮತಿ ಬಂಚ್ ಗೆಲ್ಲುತ್ತಿದ್ದರೇ?

1890ರ ಭಾರತೀಯ ರೈಲ್ವೆ ಕಾಯ್ದೆ ಬಂದ ಮೇಲಾದರೆ, ಇಲ್ಲ. ಅದರ 74ನೇ ಕಲಮಿನ ಪ್ರಕಾರ, ರೈಲ್ವೆ ನೌಕರ ಲಗೇಜನ್ನು ಬುಕ್ ಮಾಡಿ ರಸೀದಿ ಕೊಡದ ಹೊರತು ಆಡಳಿತ ಹೊಣೆಯಲ್ಲ. ಪೋರ್ಟರನ ಬಾಯಿಮಾತಿಗೆ ಜಾಗವೇ ಇಲ್ಲ. ಬೆಲೆಬಾಳುವ ವಸ್ತುಗಳಿಗೆ 75ನೇ ಕಲಂ 100 ರೂಪಾಯಿ ಮಿತಿ ಹಾಕಿ, ಅದಕ್ಕಿಂತ ಹೆಚ್ಚಿದ್ದರೆ ಘೋಷಿಸಬೇಕೆಂದಿತು. ಪರಿಹಾರದ ಅರ್ಜಿಗೆ 77ನೇ ಕಲಂ ಆರು ತಿಂಗಳ ಗಡುವು ಇಟ್ಟಿತು. ಬಂಚ್ ತೀರ್ಪು ಬಂದ ಎರಡೇ ವರ್ಷಕ್ಕೆ ಇಲ್ಲಿನ ಪ್ರಯಾಣಿಕರಿಗೆ ಅದಕ್ಕಿಂತ ಕಡಿಮೆ ರಕ್ಷಣೆಯ ಕಾನೂನು ಬಂದದ್ದನ್ನು ಗಮನಿಸಬೇಕು.

ಪಾರ್ಕರ್ ಪ್ರಕರಣದ ಸೂತ್ರ ಆಮೇಲೆ ಏನಾಯಿತು?

ಮೊದಲು ಗಿರಾಕಿಗಳ ವಿರುದ್ಧ ಹೋಯಿತು. 1930ರ ಥಾಂಪ್ಸನ್ ಪ್ರಕರಣದಲ್ಲಿ ಓದಲು ಬಾರದ ಮಹಿಳೆಗೆ 2 ಷಿಲಿಂಗ್ 7 ಪೆನ್ನಿಯ ಟಿಕೆಟ್ ಕೊಂಡಿದ್ದರು. ಗಾಯಕ್ಕೆ ಕಂಪನಿ ಹೊಣೆಯಲ್ಲ ಎಂಬ ಷರತ್ತು ಇದ್ದದ್ದು 6 ಪೆನ್ನಿ ಕೊಟ್ಟು ಕೊಳ್ಳಬೇಕಾದ ವೇಳಾಪಟ್ಟಿಯ 552ನೇ ಪುಟದಲ್ಲಿ. ಗಾಯಗೊಂಡ ಆಕೆಗೆ ಪರಿಹಾರ ಸಿಗಲಿಲ್ಲ. 1971ರ ಥಾರ್ನ್‌ಟನ್ ಪ್ರಕರಣದಲ್ಲಿ ಗಾಳಿ ತಿರುಗಿತು: ಷರತ್ತು ಎಷ್ಟು ಕಠಿಣವೋ ಅಷ್ಟು ಎದ್ದು ಕಾಣುವಂತೆ ತಿಳಿಸಿರಬೇಕು. ನಮ್ಮಲ್ಲಿ ಮದ್ರಾಸ್ ಹೈಕೋರ್ಟಿನ ಲಿಲಿ ವೈಟ್ ತೀರ್ಪು (1966ರ ವರದಿ) ಇನ್ನೂ ಮುಂದೆ ಹೋಯಿತು. ಕಳೆದ ಸೀರೆಗೆ ಬೆಲೆಯ ಶೇ. 15 ಮಾತ್ರ ಕೊಡುತ್ತೇವೆ ಎಂದು ಡ್ರೈಕ್ಲೀನಿಂಗ್ ರಸೀದಿಯ ಹಿಂಬದಿ ಹಾಕಿದ್ದ ಷರತ್ತು ಸಾರ್ವಜನಿಕ ಹಿತಕ್ಕೆ ವಿರುದ್ಧ ಎಂದು ತಳ್ಳಿಹಾಕಿತು.

ಈಗ ಭಾರತದ ರೈಲಿನಲ್ಲಿ ಲಗೇಜು ಕಳೆದರೆ ಏನು ಮಾಡಬೇಕು?

1989ರ ರೈಲ್ವೆ ಕಾಯ್ದೆಯ 100ನೇ ಕಲಂ ಹಳೆಯ 74ನೇ ಕಲಮಿನ ಮುಂದುವರಿಕೆ. ಬುಕ್ ಮಾಡಿ ರಸೀದಿ ಪಡೆದ ಲಗೇಜಿಗೆ ರೈಲ್ವೆ ಹೊಣೆ. ನಿಮ್ಮ ಜೊತೆಯೇ ಒಯ್ಯುವ ಚೀಲಕ್ಕಾದರೆ ರೈಲ್ವೆಯ ಅಥವಾ ಅದರ ನೌಕರರ ನಿರ್ಲಕ್ಷ್ಯವನ್ನು ನೀವು ಸಾಬೀತು ಮಾಡಬೇಕು. ಪ್ರಯಾಣಿಕರೊಬ್ಬರ ಸೊಂಟಪಟ್ಟಿಯಿಂದ ಒಂದು ಲಕ್ಷ ರೂಪಾಯಿ ಕಳವಾದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2023ರಲ್ಲಿ, ಇದು ರೈಲ್ವೆಯ ಸೇವಾ ನ್ಯೂನತೆಯಲ್ಲ ಎಂದಿದೆ.

ಆದ್ದರಿಂದ ಬೆಲೆಬಾಳುವ ದೊಡ್ಡ ಪೆಟ್ಟಿಗೆಯನ್ನು ನಿಲ್ದಾಣದ ಲಗೇಜು ಕಚೇರಿಯಲ್ಲಿ ಬ್ರೇಕ್‌ವ್ಯಾನಿಗೆ ಬುಕ್ ಮಾಡಿ. ತೂಕ ನಿಮ್ಮ ಎದುರಿಗೇ ಆಗಲಿ. ರಸೀದಿಯಲ್ಲಿ ನಗಗಳ ಸಂಖ್ಯೆ, ತೂಕ, ಹೋಗುವ ಊರು ಸರಿಯಾಗಿವೆಯೇ ನೋಡಿ. ಬೆಲೆ ಘೋಷಿಸದಿದ್ದರೆ ಲಗೇಜಿಗೆ ಸಿಗುವ ಪರಿಹಾರ ತೂಕದ ಲೆಕ್ಕದಲ್ಲಿ ಸೀಮಿತವಾಗುತ್ತದೆ; ಹೆಚ್ಚು ಬೆಲೆಯದಾದರೆ ಘೋಷಿಸಿ, ಶೇಕಡಾವಾರು ಶುಲ್ಕ ಕಟ್ಟಿ. ಹಳೆಯ ಚೀಟಿಗಳನ್ನೆಲ್ಲ ಕಿತ್ತು, ಹೆಸರು, ಊರು, ಫೋನ್ ನಂಬರು ಬರೆದ ಚೀಟಿಯನ್ನು ಪೆಟ್ಟಿಗೆಯ ಹೊರಗೊಂದು, ಒಳಗೊಂದು ಹಾಕಿ.

ಪೆಟ್ಟಿಗೆ ಬಾರದಿದ್ದರೆ ಇಳಿದ ನಿಲ್ದಾಣದಲ್ಲೇ ಬರವಣಿಗೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. 106ನೇ ಕಲಮಿನ ಪ್ರಕಾರ, ಲಗೇಜು ಒಪ್ಪಿಸಿದ ದಿನದಿಂದ ಆರು ತಿಂಗಳೊಳಗೆ ರೈಲ್ವೆಗೆ ಪರಿಹಾರದ ನೋಟಿಸ್ ತಲುಪಬೇಕು. ಒಳ್ಳೆಯ ಮೊಕದ್ದಮೆಯೂ ಕೆಡುವುದು ಹೆಚ್ಚಾಗಿ ಇಲ್ಲೇ. ‘ಹುಡುಕುತ್ತಿದ್ದೇವೆ’ ಎಂಬ ಮಾತು ನಂಬಿ ಜನ ಕಾಯುತ್ತಾರೆ, ಗಡುವು ಮುಗಿಯುತ್ತದೆ. ಹುಡುಕಾಟ ನಡೆದಿರಲಿ, ನೋಟಿಸ್ ಕೊಟ್ಟುಬಿಡಿ. ಪರಿಹಾರ ನಿರಾಕರಿಸಿದರೆ, ಲಗೇಜು ಒಪ್ಪಿಸಿದ ದಿನದಿಂದ ಮೂರು ವರ್ಷದೊಳಗೆ ರೈಲ್ವೆ ಕ್ಲೇಮ್ಸ್ ಟ್ರಿಬ್ಯುನಲ್‌ಗೆ ಹೋಗಬಹುದು. ಅದರ ಒಂದು ಪೀಠ ಬೆಂಗಳೂರಿನಲ್ಲಿದೆ. ಕಳವಾಗಿದ್ದರೆ ಇದರ ಜೊತೆಗೆ ರೈಲ್ವೆ ಪೊಲೀಸರಲ್ಲಿ ಎಫ್‌ಐಆರ್ ಮಾಡಿಸಿ, ಪ್ರತಿ ಇಟ್ಟುಕೊಳ್ಳಿ.